ಬಂಗಾರದ ಹೆಸರಿನ ಹುಳ

ನಾನು ಕೆಲಸ ಮಾಡುವುದು ಜಮಖಂಡಿಯ ಒಂದು ಸಣ್ಣ ಲ್ಯಾಬಿನಲ್ಲಿ. ರಕ್ತ, ಕಫ, ಕೀವು ಎಂದು ಮಂದಿ ಮೂಗು ಮುಚ್ಚಿಕೊಂಡು ಕೊಟ್ಟುಹೋಗುವುದನ್ನೆಲ್ಲ ಮೂಗು ಮುಚ್ಚದೆ ನೋಡುವುದು ನನ್ನ ಹೊಟ್ಟೆಪಾಡು. ಹುಟ್ಟಿದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ಮಗ್ಗ ಮಾತ್ರ ನನಗೆ ಒಲಿಯಲಿಲ್ಲ. ನಾನು ಮುಟ್ಟಿದರೆ ಎಳೆ ಹರಿಯುತ್ತದೆ ಎಂಬುದು ಮನೆಯಲ್ಲಿ ಎಷ್ಟು ಖಾತ್ರಿಯಾಗಿತ್ತೆಂದರೆ, ಹತ್ತನೆಯ ಇಯತ್ತೆ ಮುಗಿದ ಕೂಡಲೇ ಅಣ್ಣ ತಾನೇ ಬಂದು ನನ್ನನ್ನು ಜಮಖಂಡಿಯ ಕಾಲೇಜಿಗೆ ಹಚ್ಚಿಹೋದ. ತಮ್ಮನನ್ನು ಓದಿಸಿದೆ ಎಂದು ಅವನು ಹೇಳಿಕೊಳ್ಳುತ್ತಾನೆ. ಮಗ್ಗ ಉಳಿಸಿಕೊಂಡ ಎಂದು ನಾನು ಹೇಳುತ್ತೇನೆ.

ನಮ್ಮ ಲ್ಯಾಬಿನ ಡಾಕ್ಟರಮ್ಮನಿಗೆ, ಅಂದರೆ ನಮ್ಮ ಡಾಕ್ಟರ್‌ಬಾಯಿಗೆ, ಶಬ್ದಗಳ ಹುಚ್ಚು. ರೋಗಿಗಳು ಇಲ್ಲದ ಹೊತ್ತಿನಲ್ಲಿ ಚಹಾ ಕುಡಿಯುತ್ತ, ಬಾಟಲಿಗಳ ಮೇಲಿನ ಹೆಸರುಗಳನ್ನು ಒಡೆದು ಒಳಗೇನಿದೆ ಎಂದು ತೋರಿಸುವುದು ಅವರ ಖುಷಿ. ಸಾಲಿಯಲ್ಲಿ ವಿಜ್ಞಾನದ ಮಾಸ್ತರರು ಬಂಗಾರದ ಗುರುತು ‘ಎಯು’ ಎಂದು ಬರೆಸಿದ್ದರು. ಬಂಗಾರಕ್ಕೂ ಆ ಎರಡು ಅಕ್ಷರಕ್ಕೂ ಎಲ್ಲಿಯ ನಂಟು ಎಂದು ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ನಂಟನ್ನು ನನಗೆ ಬಿಡಿಸಿ ಹೇಳಿದವರು ಈ ಡಾಕ್ಟರ್‌ಬಾಯಿ. ಲ್ಯಾಟಿನ್ ಭಾಷೆಯಲ್ಲಿ ಬಂಗಾರಕ್ಕೆ ಔರಮ್ ಎನ್ನುತ್ತಾರಂತೆ, ಅದನ್ನು ಇಂಗ್ಲಿಷಿನಲ್ಲಿ ಬರೆದರೆ ಮೊದಲ ಎರಡು ಅಕ್ಷರ ಎ, ಯು. ಆ ಭಾಷೆ ಮಾತಾಡುವವರು ಈಗ ಇಲ್ಲ, ಅವರ ಬಂಗಾರ ಮಾತ್ರ ನಮ್ಮ ಲ್ಯಾಬಿನ ತುಂಬ ಚೆಲ್ಲಿಕೊಂಡಿದೆ ಎಂದು ನಗುತ್ತಿದ್ದರು.

ಅಂದಿನಿಂದ ನನಗೂ ಆ ಹುಚ್ಚು ಹತ್ತಿತು. ಕ್ಷಯದ ಕಫ ನೋಡುವಾಗ ಬಳಸುವ ಹಳದಿ ಬಣ್ಣದ ಹೆಸರು ಔರಮೈನ್. ಬಾಟಲಿ ನೋಡಿ ಒಂದು ದಿನ ಥಟ್ಟನೆ ನೆನಪಾಯಿತು: ನಮ್ಮ ಓಣಿಯ ಕೊನೆಯಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಇದೇ ಹೆಸರಿನ ಡಬ್ಬಿ ಇರುತ್ತಿತ್ತು. ಅಂಗೈ, ಉಗುರು, ಧೋತರದ ಅಂಚು ಎಲ್ಲ ಹಳದಿ ಮಾಡಿಕೊಂಡ ಆ ಮನೆಯ ಮುದುಕ ಸಾಯುವತನಕ ಲ್ಯಾಟಿನ್ ಮಾತಾಡುತ್ತಿದ್ದ, ಅವನಿಗೇ ಗೊತ್ತಿರಲಿಲ್ಲ. ಮುಧೋಳದ ರಸ್ತೆಯ ಬೇವಿನ ಮರದಲ್ಲಿ ಕೂಗುವ ಹಳದಿ ಹಕ್ಕಿಗೆ ಇಂಗ್ಲಿಷಿನವರು ಓರಿಯೋಲ್ ಎಂದು ಕರೆಯುವುದೂ ಅದೇ ಬೇರಿನಿಂದಂತೆ. ನಾವು ಅದಕ್ಕೆ ಹೊನ್ನಕ್ಕಿ ಎನ್ನುತ್ತೇವೆ. ಒಬ್ಬರನ್ನೊಬ್ಬರು ಕೇಳದೆ ಇಬ್ಬರೂ ಒಂದೇ ಹೆಸರು ಇಟ್ಟಿದ್ದಾರಲ್ಲ ಎಂದು ನನಗೆ ಎರಡು ದಿನ ಸಂಭ್ರಮ. ಧ್ರುವದ ಆಕಾಶದಲ್ಲಿ ಹೊಳೆಯುವ ಅರೋರಾ ಎಂಬುದನ್ನೂ ಅದೇ ಪಟ್ಟಿಗೆ ಸೇರಿಸಲು ಹೋದಾಗ ಡಾಕ್ಟರ್‌ಬಾಯಿ ತಡೆದರು. ‘ಅದು ಬ್ಯಾರೆ ಮನೆತನಾರೀ, ಮುಂಜಾನಿ ಬೆಳಕಿನ ಮನೆತನ. ಹೊಳಿಯೂದೆಲ್ಲಾ ಬಂಗಾರ ಅಂದ್ರ ಹ್ಯಾಂಗ?’ ಅಂದರು.

ಈ ಕುಟುಂಬದಲ್ಲಿ ನಮಗೆ ದಿನಾಲೂ ಭೆಟ್ಟಿಯಾಗುವ ಸದಸ್ಯ ಮಾತ್ರ ಸ್ಟ್ಯಾಫಿಲೋಕಾಕಸ್ ಔರಿಯಸ್ ಎಂಬ ರೋಗಾಣು. ಕುರು, ಗುಳ್ಳೆ, ಕೀವು ಎಲ್ಲಿದೆಯೋ ಅಲ್ಲಿ ಬಹುಮಟ್ಟಿಗೆ ಇವನೇ. ಗಾಜಿನ ತಟ್ಟೆಯ ಮೇಲೆ ಬೆಳೆಸಿದರೆ ಮರುದಿನ ಹಳದಿ ಹೊಂಬಣ್ಣದ ಅಂಗಿಯ ಸಣ್ಣ ಗುಂಡಿಗಳಂತೆ ಮೂಡುತ್ತಾನೆ. ಅದಕ್ಕೇ ಅವನಿಗೆ ‘ಬಂಗಾರದವನು’ ಎಂದು ಹೆಸರು. ನನಗೆ ಅವನನ್ನು ನೋಡಿದರೆ ಒಳಗೊಳಗೇ ನಗು ಬರುತ್ತಿತ್ತು. ಯಾಕೆಂದರೆ ಚಿಕ್ಕಂದಿನಲ್ಲಿ ಕಣ್ಣಿನ ರೆಪ್ಪೆಗೆ ಕುರು ಎದ್ದಾಗ ನಮ್ಮ ಮನೆಯಲ್ಲಿ ಮಾಡುತ್ತಿದ್ದ ಮದ್ದು ಬಂಗಾರವೇ. ಉಂಗುರವನ್ನು ಗಂಧದ ಕಲ್ಲಿನ ಮೇಲೆ ಹಾಲು ಹನಿಸಿ ತೇಯ್ದು ರೆಪ್ಪೆಗೆ ಹಚ್ಚುತ್ತಿದ್ದರು. ಆ ಕುರು ತರುವವನು ಈ ಬಂಗಾರದವನು ಎಂದು ಗೊತ್ತಾದ ಮೇಲೆ, ಅವನ ಮನೆಗೆ ಅವನನ್ನೇ ಬೀಗನಾಗಿ ಕರೆದಂತಾಯಿತಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆ ನಗು ಕಳೆದ ವರ್ಷ ನಿಂತಿತು.

ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಮುಧೋಳದ ಕಡೆಯವರು. ಅವರು ಮದುವೆಯಾಗಿ ಬಂದಾಗ ನಾನು ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ನನ್ನ ಕಣ್ಣಿಗೆ ಬಂಗಾರ ತೇಯ್ದು ಹಚ್ಚಿದ್ದೂ, ಪರೀಕ್ಷೆಗೆ ಹೋಗುವಾಗ ಡಬ್ಬಿ ಕಟ್ಟಿದ್ದೂ ಅವರೇ. ಈಗ ಅವರಿಗೆ ಐವತ್ತು ದಾಟಿದೆ, ಜತೆಗೆ ಸಕ್ಕರೆ ಕಾಯಿಲೆ ಬಂದು ಕುಳಿತಿದೆ. ಆದರೆ ಕೈ ಮಾತ್ರ ಇಡೀ ಓಣಿಗೆ ಬೇಕಾದ ಕೈ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳು, ಮುಗಿಯುತ್ತ ಬಂದಾಗ ನೂಲು ಸುತ್ತಿದ ಹೊಸ ಉರುಳೆ, ಅದೇ ಬೀಮು, ತಂದು, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಇದಕ್ಕೆ ನಮ್ಮಲ್ಲಿ ಕೆಚ್ಚುವುದು ಎನ್ನುತ್ತಾರೆ. ಇದರಲ್ಲಿ ಗಂಟು ಇಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತಿರುವು, ಒಂದು ಮಡಿಕೆ, ಅಷ್ಟೇ. ಸಾವಿರಾರು ಎಳೆ ಹೀಗೆ ಕೂಡಬೇಕು. ಒಂದು ಬಿಚ್ಚಿದರೂ ಬಟ್ಟೆಯಲ್ಲಿ ಗೀರು ಕಾಣುತ್ತದೆ. ವೈನಿ ಕೆಚ್ಚಿದ ಎಳೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಬೆರಳು ಜಾರಬಾರದೆಂದು ಬದಿಗೆ ಒಂದು ಬಟ್ಟಲಲ್ಲಿ ಒಲೆಯ ಬೂದಿ ಇಟ್ಟುಕೊಂಡು, ನಾಲ್ಕು ಎಳೆಗೊಮ್ಮೆ ಬೆರಳು ಅದ್ದಿಕೊಳ್ಳುವುದು ಅವರ ರೂಢಿ.

ಒಂದು ಮಧ್ಯಾಹ್ನ ಅಣ್ಣ ಮೊಬೈಲಿಗೆ ಒಂದು ಫೋಟೋ ಕಳಿಸಿದ. ವೈನಿಯ ಬಲಗೈ ಹೆಬ್ಬೆರಳು, ಉಗುರಿನ ಸುತ್ತ ಕೆಂಪಗೆ ಬಾತಿದೆ. ಲ್ಯಾಬಿನಲ್ಲಿ ಅಂದು ಗದ್ದಲ. ನಾನು ಫೋಟೋವನ್ನು ದೊಡ್ಡದು ಮಾಡಿಯೂ ನೋಡಲಿಲ್ಲ. ‘ಉಗುರಸುತ್ತು ಐತಿ, ನಿಂಬಿಹಣ್ಣ ಹಾಕ್ರಿ. ಎರಡ ದಿನದಾಗ ಆರಾಮ ಆಕ್ಕೈತಿ’ ಎಂದು ಬರೆದು ಫೋನ್ ಕೆಳಗಿಟ್ಟೆ. ದಿನಕ್ಕೆ ಹತ್ತು ಮಂದಿಗೆ ‘ಕೀವು ಕಟ್ಟಿದ್ರ ತಡೀಬ್ಯಾಡ್ರಿ’ ಎಂದು ಉಪದೇಶ ಮಾಡುವ ನಾನು ಹೀಗೆ ಬರೆದೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮುಂದಿನ ವಾರ ಊರಿಗೆ ಹೋದೆ. ವೈನಿ ಮಗ್ಗದ ಹಿಂದೆ ಕೂತು ಕೆಚ್ಚುತ್ತಿದ್ದರು. ಮಗ್ಗಗಳ ಸದ್ದಿನಲ್ಲಿ ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಹೆಬ್ಬೆರಳು ಬದನೆಕಾಯಿಯಂತೆ ಆಗಿತ್ತು. ಉಗುರಿನ ಬುಡದಲ್ಲಿ ಬಾಯಿ ಬಿಟ್ಟ ಗಾಯ, ಅದರೊಳಗೆ ಬೂದಿ ಕೂತು ಕಪ್ಪಗೆ ಕಾಣುತ್ತಿತ್ತು. ಆ ಬೆರಳನ್ನೇ ಮತ್ತೆ ಬೂದಿಗೆ ಅದ್ದಿ ಮುಂದಿನ ಎಳೆಗೆ ಹೋಗುತ್ತಿದ್ದರು.

‘ವೈನಿ, ಏನ್ ಮಾಡಾಕತ್ತೀರಿ ಇದು?’ ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ.

‘ಬೀಮು ಅರ್ಧಕ್ಕ ನಿಂತೈತಿ ತಮ್ಮಾ, ಮುಗಿಸೇ ಏಳ್ತೇನಿ’ ಅಂದರು, ತಲೆ ಎತ್ತದೆ. ‘ನಿಂಬಿಹಣ್ಣ ಹಾಕಿದೆ. ಬಂಗಾರಾನೂ ತೇದು ಹಚ್ಚೇನಿ. ಇಳೀತೈತಿ.’

ಅಂದೇ ಅವರನ್ನು ಜಮಖಂಡಿಗೆ ಕರೆತಂದೆ. ಬಸ್ಸಿನ ತುಂಬ ಅವರು ಮಾತಾಡಿದ್ದು ಉಳಿದ ಅರ್ಧ ಬೀಮಿನ ಬಗ್ಗೆ. ನನಗೆ ಕೈ ಬಿಸಿಯಾಗಿರುವುದು ಮುಟ್ಟದೆಯೇ ಗೊತ್ತಾಗುತ್ತಿತ್ತು. ಸರ್ಜನ್ ಕೀವು ತೆಗೆದರು, ಎಕ್ಸ್‌ರೇ ನೋಡಿದರು. ಎಲುಬಿನ ಮಾತು ಈಗಲೇ ಹೇಳಲಾಗುವುದಿಲ್ಲ, ಅಂದಾಜಿನ ಮೇಲೆ ಔಷಧ ಶುರು ಮಾಡುತ್ತೇನೆ ಅಂದರು. ಆಮೇಲೆ ನನ್ನನ್ನು ಬಾಗಿಲಾಚೆ ಕರೆದು, ‘ಶುಗರ್ ಐತಿ, ತಡಾನೂ ಆಗೈತಿ. ಇದು ಔಷಧಿಗೆ ಬಗ್ಗದ ಜಾತಿ ಆಗಿತ್ತಂದ್ರ ಎಲುಬಿಗೆ ಇಳೀತೈತಿ. ಆಗ ಬೆರಳಿನ ಮುಂದಿನ ಗೆಣ್ಣು ತೆಗೀಬೇಕಾಗ್ತೈತ್ರಿ. ನಿಮ್ಮ ಲ್ಯಾಬಿಗೇ ಕೊಡ್ತೇನಿ, ಲಗೂ ನೋಡ್ರಿ’ ಅಂದರು.

ಬೆರಳಿನ ಒಂದು ಗೆಣ್ಣು ಎಂದರೆ ಏನು ಮಹಾ ಎಂದು ಬೇರೆಯವರು ಅಂದಾರು. ವೈನಿಗೆ ಅದೇ ಎಲ್ಲ. ಕೆಚ್ಚುವುದೆಂದರೆ ಹೆಬ್ಬೆರಳ ತುದಿ. ಓದು ಬರಹ ಇಲ್ಲದ ಆ ಹೆಂಗಸಿಗೆ ಓಣಿಯಲ್ಲಿ ಸಿಗುವ ಮರ್ಯಾದೆ, ‘ಅಕ್ಕಾರ ಬರೂತನಾ ಬೀಮು ಮುಟ್ಟಬ್ಯಾಡ್ರಿ’ ಎಂಬ ಮಾತು, ಎಲ್ಲವೂ ಆ ತುದಿಯಲ್ಲೇ ಇತ್ತು. ಕೀವು ತೆಗೆಯುವಾಗ ಅವರು ಅಳಲಿಲ್ಲ. ಸರ್ಜನ್ ನನ್ನನ್ನು ಹೊರಗೆ ಕರೆದದ್ದನ್ನು ಕಂಡು ಮಾತ್ರ ಅವರ ಮುಖ ಇಳಿಯಿತು.

ಕೀವಿನ ಹತ್ತಿಕಡ್ಡಿ ಹಿಡಿದು ನಾನೇ ಲ್ಯಾಬಿಗೆ ನಡೆದೆ. ಇಷ್ಟು ವರ್ಷದಲ್ಲಿ ಎಷ್ಟು ಮಂದಿಯ ಕೀವನ್ನು ತಟ್ಟೆಯ ಮೇಲೆ ಎಳೆದಿಲ್ಲ! ಅಂದು ತಟ್ಟೆಯ ಮೇಲೆ ವೈನಿಯ ಹೆಸರು ಬರೆಯುವಾಗಲೇ ಎರಡು ಸಲ ತಪ್ಪಿದೆ. ಡಾಕ್ಟರ್‌ಬಾಯಿ ಅದನ್ನು ನೋಡಿ, ‘ಬಿಡ್ರಿ, ನಾ ಮಾಡ್ತೇನಿ’ ಅಂದರು. ನಾನು ಕೊಡಲಿಲ್ಲ. ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟು ಬಾಗಿಲು ಹಾಕಿದ ಮೇಲೆ ಮಾಡುವುದು ಏನೂ ಉಳಿದಿರಲಿಲ್ಲ. ವೈನಿ ಆಸ್ಪತ್ರೆಯಲ್ಲಿ, ಅವರ ಹತ್ತಿರ ನನ್ನ ಹೆಂಡತಿ. ಅಣ್ಣ ಮಗ್ಗ ನಿಲ್ಲಿಸಿ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದ. ಅವನು ಹಗಲು ಹೊತ್ತಿನಲ್ಲಿ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಮುಂಜಾನೆ ತಟ್ಟೆ ತೆಗೆದರೆ ಅವನೇ. ಹೊಂಬಣ್ಣದ ಗುಂಡಿಗಳು, ದುಂಡಗೆ, ಮಿರಿಮಿರಿ. ಎಷ್ಟು ಚೆಂದ ಇದ್ದವೆಂದರೆ ತಟ್ಟೆಯ ಮುಚ್ಚಳ ಹಾಕಿಬಿಟ್ಟೆ. ಆದರೆ ಹೆಸರು ತಿಳಿದರೆ ಅರ್ಧ ಕೆಲಸವಷ್ಟೇ. ಈ ಬಂಗಾರದವನಲ್ಲಿ ಎರಡು ಜಾತಿ. ಒಂದು ನಮ್ಮ ಸಾದಾ ಔಷಧಗಳಿಗೆ ಸಾಯುವುದು, ಇನ್ನೊಂದು ಅವಕ್ಕೆಲ್ಲ ಹೆದರದೆ ಎಲುಬಿನವರೆಗೆ ಹೋಗಿ ಕೂರುವುದು. ಯಾವುದೆಂದು ತಿಳಿಯಲು ಇನ್ನೊಂದು ತಟ್ಟೆಯ ತುಂಬ ಅವನನ್ನು ಹರಡಿ, ಮೇಲೆ ಔಷಧದ ಸಣ್ಣ ಬಿಲ್ಲೆಗಳನ್ನಿಟ್ಟು ಮತ್ತೊಂದು ದಿನ ಕಾಯಬೇಕು. ಔಷಧಕ್ಕೆ ಸಾಯುವವನಾದರೆ ಬಿಲ್ಲೆಯ ಸುತ್ತ ದೂರದವರೆಗೆ ತಿಳಿಯಾದ ಬಳೆ ಮೂಡುತ್ತದೆ. ಹೆದರದವನಾದರೆ ಬಿಲ್ಲೆಯ ಬುಡದವರೆಗೂ ಬೆಳೆದು ನಿಲ್ಲುತ್ತಾನೆ.

ಇಷ್ಟನ್ನು ಮಾಡಿಟ್ಟು ಆಸ್ಪತ್ರೆಗೆ ಹೋದೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ವೈನಿ ‘ಏನ್ ಹುಳಾನೋ ತಮ್ಮಾ ಅದು?’ ಎಂದು ಕೇಳಿದಾಗ, ಅವರ ಮುಖದ ಮೇಲೆ ಒಂದಿಷ್ಟು ನಗು ತರೋಣ ಎಂಬ ಹುಂಬತನದಲ್ಲಿ, ‘ಭಾರೀ ಹುಳಾರೀ ವೈನಿ, ಬಂಗಾರದ ಹುಳಾ. ಅದರ ಹೆಸರಾ ಹಂಗೈತಿ’ ಅಂದೆ.

ಅವರು ನಗಲಿಲ್ಲ. ಎಡಗೈ ಬೆರಳಿನ ಉಂಗುರವನ್ನು ಒಂದು ಸಲ ನೋಡಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಸಂಜೆ ಬಂದು ನೋಡಿದರೆ ಉಂಗುರ ಬೆರಳಲ್ಲಿ ಇರಲಿಲ್ಲ. ನನ್ನ ಹೆಂಡತಿ ಬದಿಗೆ ಕರೆದು ಹೇಳಿದಳು: ‘ಅಕ್ಕಾರು ಊಟಾ ಮಾಡಿಲ್ಲ. ನನ್ನ ಬಂಗಾರದಾಗಿಂದ ಹುಳಾ ಬಂದು ಬೆರಳಿಗೆ ಹತ್ತೇತಿ ಅಂತ. ಹುಡುಗ ಇದ್ದಾಗಿಂದ ತಮ್ಮನ ಕಣ್ಣಿಗೂ ಅದನ್ನ ಹಚ್ಚೇನಲ್ಲಾ, ಅವನ ಕಣ್ಣ ಹ್ಯಾಂಗ ಉಳದೂವೋ ಅಂತ ಅಳಾಕತ್ತಿದ್ರು. ಏನ್ ಹೇಳಿ ಬಂದ್ರಿ ನೀವು?’

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೆರಳು ಹೋಗುವ ಭಯದಲ್ಲಿ ಇರುವ ಹೆಂಗಸಿಗೆ ನನ್ನ ಶಬ್ದದ ಹುಚ್ಚನ್ನು ತಂದು ಬಡಿಸಿದ್ದೆ. ವೈನಿಯ ಮಂಚದ ಹತ್ತಿರ ಕೂತು ಹೇಳಿದೆ. ಬಂಗಾರದಿಂದ ಅದು ಬರುವುದಿಲ್ಲ, ತಟ್ಟೆಯ ಮೇಲೆ ಬೆಳೆದಾಗ ಬಣ್ಣ ಹಾಗೆ ಇರುತ್ತದೆಂದು ಯಾವನೋ ಪರದೇಶದವನು ಆ ಹೆಸರು ಇಟ್ಟ. ಅದು ನಮ್ಮೆಲ್ಲರ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ಮನೆ ಇರುವಂಥದ್ದು, ಗಾಯ ಸಿಕ್ಕರೆ ಒಳಹೊಗುತ್ತದೆ. ಗಾಯದೊಳಗೆ ಹೊಲಸು ತುಂಬಿದ್ದು ಬೂದಿ, ಬಂಗಾರ ಅಲ್ಲ. ಬಂಗಾರದಿಂದ ಲಾಭವೂ ಆಗಿಲ್ಲ, ಲುಕ್ಸಾನೂ ಆಗಿಲ್ಲ.

‘ಖರೆ ಹೇಳಾಕತ್ತೀಯೇನು, ನನ್ನ ಸಮಾಧಾನಕ್ಕೋ?’

‘ಖರೇನ ವೈನಿ.’

‘ನಿನ್ನ ಕಣ್ಣ ಛಲೋ ಅದಾವಲ್ಲಾ?’

ಅವರ ಬೆರಳು ಹೋಗುವುದರಲ್ಲಿದೆ, ಕೇಳುತ್ತಿರುವುದು ನನ್ನ ಕಣ್ಣು! ಹೂಂ ಎಂದು ತಲೆ ಆಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ರೊಟ್ಟಿ ಕೇಳಿದರು.

ಮರುದಿನ ನಾನು ಲ್ಯಾಬಿಗೆ ಹೋದಾಗ ಇನ್ನೂ ಕಸ ಗುಡಿಸಿರಲಿಲ್ಲ. ಪೆಟ್ಟಿಗೆಯ ಬಾಗಿಲ ಮುಂದೆ ನಿಂತೆ, ತೆಗೆಯಲಿಲ್ಲ. ಡಾಕ್ಟರ್‌ಬಾಯಿ ಬರಲಿ ಎಂದು ಕುರ್ಚಿಯ ಮೇಲೆ ಕೂತೆ. ಕೂರಲಾಗದೆ ಎದ್ದೆ. ಕಡೆಗೆ ತಟ್ಟೆಯನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಜಾತಿಯನ್ನು ಬೇರೆ ಮಾಡಿ ತೋರಿಸುವ, ನಾನು ಭಯಪಟ್ಟ ಬಿಲ್ಲೆಯ ಸುತ್ತ ಬಳೆ ಮೂಡಿತ್ತು. ಅಗಲವಾದ, ತಿಳಿಯಾದ ಬಳೆ. ನಂಬಿಕೆ ಬರಲಿಲ್ಲ. ಸ್ಕೇಲು ಹಿಡಿದು ಅಳೆದೆ, ತಿರುಗಿಸಿ ಮತ್ತೆ ಅಳೆದೆ, ಮೂರನೆಯ ಸಲ ಅಳೆಯುವಾಗ ಡಾಕ್ಟರ್‌ಬಾಯಿ ಹಿಂದೆ ನಿಂತು, ‘ಸಾಕ್ರಿ, ಅಳದ ಅಳದ ದೊಡ್ಡದು ಮಾಡ್ತೀರೇನು? ಸಾದಾ ಔಷಧಿಗೆ ಸಾಯ್ತೈತಿ, ಹೋಗಿ ಹೇಳ್ರಿ’ ಅಂದರು.

ಫೋನ್ ಮಾಡುವುದು ಬಿಟ್ಟು ಓಡಿದೆ. ಅಂಗಡಿಯವರು ‘ಏನಾತ್ರಿ?’ ಎಂದು ಕೇಳುವಷ್ಟು ಜೋರಾಗಿ ಓಡಿದೆ. ಕಟ್ಟೆಯ ಮೇಲಿದ್ದ ಅಣ್ಣ ನನ್ನ ಓಟ ನೋಡಿ ಕೆಟ್ಟದ್ದೇ ಎಂದುಕೊಂಡು ಎದ್ದು ನಿಂತ. ‘ಉಳೀತೋ, ಬೆರಳ ಉಳೀತೋ!’ ಎಂದು ನಾನು ದೂರದಿಂದಲೇ ಕೂಗಿದೆ. ಅವನು ಮತ್ತೆ ಕೂತ, ಟಾವೆಲ್ ಮುಖಕ್ಕೆ ಒತ್ತಿಕೊಂಡ. ನಾನೂ ಅವನ ಪಕ್ಕ ಕೂತೆ. ಒಳಗೆ ಹೋಗಿ ಹೇಳಬೇಕು ಎಂಬುದು ಇಬ್ಬರಿಗೂ ಸ್ವಲ್ಪ ಹೊತ್ತು ಮರೆತೇ ಹೋಯಿತು.

ಔಷಧ ಬಹಳ ದಿನ ನಡೆಯಿತು. ಉಗುರು ಬಿತ್ತು. ಎರಡನೆಯ ಎಕ್ಸ್‌ರೇ ನೋಡಿ ಸರ್ಜನ್ ಎಲುಬು ಗಟ್ಟಿ ಇದೆ ಅಂದರು. ಬೆರಳ ತುದಿಗೆ ಹೊಸ ಚರ್ಮ ಬಂತು, ಎಳೆಗೂಸಿನದರಂತೆ ನುಣ್ಣಗೆ. ಆದರೆ ಒಂದು ಭಾರ ನನ್ನೊಳಗೆ ಹಾಗೇ ಉಳಿದಿತ್ತು. ಆ ಫೋಟೋಕ್ಕೆ ನಾನು ಕೊಟ್ಟ ಉತ್ತರವನ್ನು ಯಾರೂ ಎತ್ತಿ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಕೆಲಸಕ್ಕೆ ಕೂರಬಹುದು ಎಂದು ಸರ್ಜನ್ ಹೇಳಿದ ಮರುದಿನ ನಾನು ರಜೆ ಹಾಕಿ ಬನಹಟ್ಟಿಗೆ ಹೋದೆ. ಬೂದಿ ಇನ್ನು ಮುಟ್ಟಕೂಡದು. ಅದಕ್ಕೆ ಬದಲು ಜಮಖಂಡಿಯಿಂದ ಒಂದು ಡಬ್ಬಿ ಮುಖದ ಪೌಡರ್ ಒಯ್ದಿದ್ದೆ. ವೈನಿ ಅದರ ಮುಚ್ಚಳ ತೆಗೆದು ಮೂಸಿ, ‘ಬೀಮಿಗೇನ್ ಸಿಂಗಾರಾ ಮಾಡಬೇಕೇನೋ?’ ಅಂದರು. ಆದರೂ ಬಟ್ಟಲಿಗೆ ಸುರಿದುಕೊಂಡರು.

ಅವರು ಮಗ್ಗದ ಹಿಂದೆ ಕೂತು ಎಳೆಗಳನ್ನು ಬಿಡಿಸಿಕೊಳ್ಳುವಾಗ ನಾನು ತಡೆಯಲಾರದೆ ಹೇಳಿಬಿಟ್ಟೆ. ‘ವೈನಿ, ತಪ್ಪ ನಂದು. ಅವತ್ತ ಫೋಟೋ ನಾ ಸರಿಯಾಗಿ ನೋಡಲಿಲ್ಲ. ಎರಡ ದಿನದಾಗ ಆರಾಮಾಕ್ಕೈತಿ ಅಂತ ಬರದೆ. ನಾ ಲಗೂನ ಬರ್ರಿ ಅಂದಿದ್ರ ಇಷ್ಟ ಆಗ್ತಿದ್ದಿಲ್ಲ.’

ಅವರು ಎಳೆಯಿಂದ ಕಣ್ಣು ತೆಗೆಯಲಿಲ್ಲ. ‘ನೀ ಬರದದ್ದು ನಿಮ್ಮಣ್ಣ ಓದಿ ಹೇಳಿದ. ನಾ ಕಿವಿಗೂ ಹಾಕ್ಕೊಳ್ಳಿಲ್ಲ. ಬೀಮು ಏರಿಸಿ ಆಗಿತ್ತು. ಅದ ಮುಗಿಯೂತನಾ ನೀ ಏನ ಹೇಳಿದ್ರೂ ನಾ ಏಳಾಕಿನ ಅಲ್ಲ. ನಿನ್ನ ಮಾತ ಕೇಳಿ ಕೆಟ್ಟೆ ಅನ್ನೂದಕ್ಕ, ನಾ ಯಾವತ್ತ ನಿನ್ನ ಮಾತ ಕೇಳೇನಿ?’

ನನಗೆ ನಗು ಬಂತು. ತಿಂಗಳುಗಟ್ಟಲೆ ಹೊತ್ತು ತಿರುಗಿದ್ದನ್ನು ಅವರು ಒಂದೇ ಬೈಗುಳದಲ್ಲಿ ಇಳಿಸಿಬಿಟ್ಟಿದ್ದರು.

ಮೊದಲ ಎಳೆ ಜಾರಿತು. ಹೊಸ ಚರ್ಮಕ್ಕೆ ಹಿಡಿತ ಇರಲಿಲ್ಲ. ಎರಡನೆಯದೂ ಜಾರಿತು. ಅಲ್ಲೇ ನಿಂತಿದ್ದ ಅಣ್ಣ ಬಾಗಿಲ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ವೈನಿ ಹೆಬ್ಬೆರಳನ್ನು ಪೌಡರಿನಲ್ಲಿ ಹೊರಳಿಸಿ, ಮೂರನೆಯ ಎಳೆಯನ್ನು ನಿಧಾನವಾಗಿ ತಿರುವಿ, ಮಡಿಸಿ, ಎರಡೂ ಕಡೆ ಹಿಡಿದು ಜಗ್ಗಿದರು. ಬಿಚ್ಚಲಿಲ್ಲ. ಇನ್ನೊಮ್ಮೆ ಜೋರಾಗಿ ಜಗ್ಗಿದರು. ಆಮೇಲೆ ನಮ್ಮಿಬ್ಬರನ್ನೂ ನೋಡದೆ ನಾಲ್ಕನೆಯದಕ್ಕೆ ಕೈ ಹಾಕಿದರು.